ಸಾಲ ಸಿಗದವರು ಯಾವ ಪಟ್ಟಿಯಲ್ಲಿದ್ದಾರೆ? ಸಂಶೋಧಕಿಯ ಜೊತೆ ಪ್ರಶ್ನೋತ್ತರ

ಅಡ್ಮಿನ್: ಬಡವರಿಗೂ ಬ್ಯಾಂಕು, ಸಾಲ ಸಿಗುವ ಬಗ್ಗೆ ಥೀಸಿಸ್ ಮಾಡುತ್ತಿರುವವರು ಕೇಳಿ. ಮೇಡಂ ಉತ್ತರಿಸುತ್ತಾರೆ.

ಹೊಸಬ: ಈಗ ಯಾವ ಟಾಪಿಕ್ ಓಡುತ್ತಿದೆ ಮೇಡಂ?

ಮೇಡಂ: ಖಾತೆ ಎಷ್ಟು ಜನರಿಗಿದೆ ಅನ್ನುವುದು ಹಳೆಯ ಪ್ರಶ್ನೆ. ವಿಶ್ವಬ್ಯಾಂಕಿನ ಫಿಂಡೆಕ್ಸ್ ಸಮೀಕ್ಷೆ ಪ್ರಕಾರ ಜಗತ್ತಿನ ವಯಸ್ಕರಲ್ಲಿ 2011ರಲ್ಲಿ ಶೇ. 51 ಮಂದಿಗೆ ಖಾತೆ ಇತ್ತು, 2021ರಲ್ಲಿ ಶೇ. 76. ಆ ಖಾತೆ ಕಷ್ಟಕಾಲಕ್ಕೆ ಆಗುತ್ತಾ? ಈಗಿನ ಪ್ರಶ್ನೆ ಅದು.

ಮಳೆಹನಿ: ಸಾಲ ಕೊಡುವ ಸಂಸ್ಥೆಯೊಂದು ಹವಾಮಾನದ ಅಪಾಯ ನೋಡಿ ಅರ್ಜಿಗೆ ಅಂಕ ಕೊಡುತ್ತದೆ. ಅದು ಶುರುವಾದ ಮೇಲೆ ಸುಸ್ತಿ (ಕಂತು ಕಟ್ಟದೆ ಬಾಕಿ ಉಳಿಯುವುದು) ಇಳಿದಿದೆ. ಸುಸ್ಥಿರವೂ ಹೌದು, ಎಲ್ಲರನ್ನೂ ಒಳಗೊಂಡಿದೆ ಅಂತಲೂ ಬರೆಯಬಹುದಾ?

ಮೇಡಂ: ದಯವಿಟ್ಟು ಈಗಲೇ ಬರೆಯಬೇಡಿ. ನಿಮ್ಮ ಹತ್ತಿರ ಇರುವುದು ಸಾಲ ಸಿಕ್ಕವರ ಪಟ್ಟಿ ಮಾತ್ರ, ಅಲ್ವಾ? ನೆರೆ ಬರುವ ಜಾಗದವರನ್ನು ಬಾಗಿಲಲ್ಲೇ ವಾಪಸ್ ಕಳಿಸಿದರೂ ಸುಸ್ತಿ ಇಳಿಯುತ್ತದೆ. ಲೆಕ್ಕ ಚೆಂದ ಕಾಣುತ್ತದೆ. ಆದರೆ ಅಲ್ಲಿರುವವರಲ್ಲಿ ಬೇರೆ ಕಡೆ ಜಾಗ ಕೊಳ್ಳಲಾಗದವರೇ ಜಾಸ್ತಿ. ಮನೆ ಎತ್ತರಿಸಲು, ಬೆಳೆ ಬದಲಿಸಲು ಸಾಲ ಬೇಕಾದವರೂ ಅವರೇ. ತಿರಸ್ಕರಿಸಿದ ಅರ್ಜಿಗಳನ್ನು ಕೇಳಿ ತನ್ನಿ. ಕೊಡದಿದ್ದರೆ, ಅಂಕ ಪದ್ಧತಿಗೆ ಮುಂಚೆ ಯಾವ ಜಾಗಕ್ಕೆ ಎಷ್ಟು ಸಾಲ ಹೋಗುತ್ತಿತ್ತು, ಆಮೇಲೆ ಎಷ್ಟು ಅಂತ ಹೋಲಿಸಿ. ಕೊಡಲ್ಲ ಬಿಡು ಅಂತ ಅರ್ಜಿಯನ್ನೇ ಹಾಕದವರನ್ನು ಹುಡುಕಲು ಮನೆಮನೆಗೆ ಹೋಗಬೇಕು. ನನ್ನ ಮೊದಲ ಪೇಪರಿನಲ್ಲಿ ನಾನೂ ಇಲ್ಲೇ ಎಡವಿದ್ದೆ.

ಹಳಬ: ಫಾರ್ವರ್ಡ್ ಬಂದಿದೆ: ‘ಕಿರುಸಾಲದಿಂದ ಬಡತನ ಮಾಯ! ನೊಬೆಲ್ಲೇ ಸಾಕ್ಷಿ. 10 ಗುಂಪಿಗೆ ಕಳಿಸಿ.’

ಮೇಡಂ: ಇದನ್ನು ಥೀಸಿಸ್‌ನಲ್ಲಿ ಹಾಕಿ ಕೆಟ್ಟೀರಿ. ಬಾಂಗ್ಲಾದೇಶದಲ್ಲಿ ಕಿರುಸಾಲ ಕೊಟ್ಟ ಯೂನುಸ್ ಮತ್ತು ಅವರ ಗ್ರಾಮೀಣ್ ಬ್ಯಾಂಕಿಗೆ 2006ರಲ್ಲಿ ಬಂದದ್ದು ಶಾಂತಿ ನೊಬೆಲ್, ಬಡತನ ಹೋಯಿತು ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. 2015ರಲ್ಲಿ ಕಿರುಸಾಲದ ಬಗ್ಗೆ ಆರು ದೇಶಗಳ ಪ್ರಯೋಗಗಳು ಒಟ್ಟಿಗೆ ಪ್ರಕಟವಾದವು. ಸರಾಸರಿ ಆದಾಯ ಹೇಳಿಕೊಳ್ಳುವಷ್ಟು ಏರಿರಲಿಲ್ಲ.

ಹಳಬ: ಹಾಗಾದರೆ ಬಡವರಿಗೆ ಸಾಲವೇ ಬೇಡ್ವಾ? ಕೂತಲ್ಲೇ ಹೇಳೋದು ಸುಲಭ.

ಲೆಕ್ಕಿಗ: ಬೇಡ ಅಂತ ಯಾರು ಅಂದರು? ಓದಿ ಮಾತಾಡಿ.

ಹಳಬ: ಕೆನ್ಯಾದಲ್ಲಿ 2007ರಿಂದ ಎಂ-ಪೇಸಾ ಇದೆ. ಅದರಿಂದ ಜನ ಉದ್ಧಾರ ಆಗ್ಲಿಲ್ವಾ?

ಲೆಕ್ಕಿಗ: ಅದು ಮೊಬೈಲಿನಲ್ಲಿ ದುಡ್ಡು ಕಳಿಸಲು ಶುರುವಾದದ್ದು ಸ್ವಾಮಿ, ಸಾಲಕ್ಕಲ್ಲ.

ಹಳಬ: ನಿಮ್ಮನ್ನು ಕೇಳಿಲ್ಲ.

ಗೆಳತಿ: ಸಾಲ ಹೆಂಗಸಿನ ಹೆಸರಲ್ಲಿ, ದುಡ್ಡು ಗಂಡನ ಕೈಯಲ್ಲಿ. ಇದನ್ನು ಅಳೆಯುವುದು ಹೇಗೆ?

ಮುಂಜಾನೆ: ಮೇಡಂ, ಒಳ್ಳೆಯ ಟಾಪಿಕ್ ಹೇಳಿ.

ಮೇಡಂ: ಮೇಲೆ ಹೇಳಿದ್ದೇನೆ.

ಮುಂಜಾನೆ: ಪೇಪರುಗಳಲ್ಲಿ ಯಾವ ಪದಗಳು ಜೊತೆಗೆ ಬರುತ್ತವೆ ಅಂತ ತೋರಿಸುವ ಕೀವರ್ಡ್ ನಕ್ಷೆ ಒಂದೇ ದಿನದಲ್ಲಿ ಬರುತ್ತಂತೆ. ಪೇಪರ್ ಆಗುತ್ತಾ?

ಮೇಡಂ: ನಕ್ಷೆ ಆಗುತ್ತೆ.

ಮಳೆಹನಿ: ತಿರಸ್ಕರಿಸಿದ ಅರ್ಜಿ ಕೇಳಿದೆ ಮೇಡಂ. ಇಟ್ಟುಕೊಳ್ಳುವುದೇ ಇಲ್ಲವಂತೆ.

ಮೇಡಂ: ಹಾಗಂತ ಮೊದಲ ಪುಟದಲ್ಲೇ ಬರೆಯಿರಿ.

ಗೆಳತಿ: ನನ್ನ ಪ್ರಶ್ನೆ?

ಅಡ್ಮಿನ್: ಹಳಬ, ಲೆಕ್ಕಿಗ, ಜಗಳ ಸಾಕು. ಕಾಮೆಂಟ್ ಮುಚ್ಚುತ್ತಿದ್ದೇನೆ.