ವಾಗ್ದಾನದ ಚೀಟಿಯನ್ನು ನಂಬಿ ಸಾಲ ಮಾಡಬಹುದೇ?

ಪ್ರಶ್ನೆ (ದಾವಣಗೆರೆಯಿಂದ):
ಹೊಸ ವರ್ಷದ ಆರಾಧನೆಯಲ್ಲಿ ನಾವು ಬೈಬಲ್ ವಚನ ಬರೆದ ಒಂದೊಂದು ಚೀಟಿ ಎತ್ತುತ್ತೇವೆ, ಅದನ್ನೇ ಆ ವರ್ಷಕ್ಕೆ ದೇವರ ವಾಗ್ದಾನ ಎನ್ನುತ್ತೇವೆ. ನನಗೆ ಬಂದ ಚೀಟಿ ಯೆರೆಮೀಯ 29:11: ನಿಮ್ಮ ವಿಷಯದಲ್ಲಿ ನನ್ನ ಯೋಚನೆ ಕೇಡಿನದಲ್ಲ, ಹಿತದ್ದೇ, ನಿಮಗೆ ಒಳ್ಳೆಯ ಭವಿಷ್ಯ ಕೊಡುತ್ತೇನೆ ಎಂದು ದೇವರು ಹೇಳುವ ವಚನ. ಮಂಡಿಪೇಟೆಯಲ್ಲಿ ನಮ್ಮದು ಚಿಕ್ಕ ಬಟ್ಟೆ ಅಂಗಡಿ. ‘ದೇವರು ಒಳ್ಳೆಯದನ್ನೇ ಯೋಚಿಸಿದ್ದಾನೆ, ಈ ವರ್ಷವೇ ಎರಡನೇ ಅಂಗಡಿ ತೆರೆಯಿರಿ’ ಎಂದು ಸಭೆಯ ಹಿರಿಯರೊಬ್ಬರು ಹುರಿದುಂಬಿಸುತ್ತಿದ್ದಾರೆ. ಸಾಲ ತೆಗೆಯಬೇಕಾಗುತ್ತದೆ. ಬೈಬಲನ್ನು ಹೀಗೆ ಓದುವುದು ಸರಿಯೇ?

ಉತ್ತರ (ಚಿತ್ರದುರ್ಗದಿಂದ, ನಿವೃತ್ತ ಶಿಕ್ಷಕ):
ಸಹೋದರರೇ, ಒಂದೇ ಒಂದು ವಚನ ಹಿಂದಕ್ಕೆ ಹೋಗಿ. ಹತ್ತನೆಯದರಲ್ಲಿ ಇದೆಲ್ಲ ಎಪ್ಪತ್ತು ವರ್ಷ ಕಳೆದ ಮೇಲೆ ಎಂದಿದೆ! ಇದು ಯೆರೂಸಲೇಮಿನಿಂದ ಬಾಬಿಲೋನಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಕಳುಹಿಸಿದ ಪತ್ರ. ಕೇಳಿಸಿಕೊಂಡ ಮುದುಕರು ಊರಿಗೆ ಮರಳುವ ಮಾತೇ ಇರಲಿಲ್ಲ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದವನು ಅದೇ ಕಾಲದ ಇನ್ನೊಬ್ಬ ಪ್ರವಾದಿ ಹನನ್ಯ. ಅವನು ಜನರಿಗೆ ಸುಳ್ಳನ್ನು ನಂಬಿಸಿದನೆಂದು ಅದೇ ಪುಸ್ತಕದ 28ನೇ ಅಧ್ಯಾಯ ಹೇಳುತ್ತದೆ. ನಿಮ್ಮ ಹಿರಿಯರು ಯಾರ ಧಾಟಿಯಲ್ಲಿ ಮಾತನಾಡುತ್ತಿದ್ದಾರೆ, ನೀವೇ ನೋಡಿ. ಬೈಬಲಿನಲ್ಲಿ ತಪ್ಪಿಲ್ಲ ಎಂದು ಸಾರಿದ 1978ರ ಷಿಕಾಗೋ ಹೇಳಿಕೆಯೂ ವ್ಯಾಕರಣ, ಇತಿಹಾಸ, ಸಾಹಿತ್ಯ ಪ್ರಕಾರಗಳನ್ನು ಗಮನಿಸಿಯೇ ಅರ್ಥ ಮಾಡಬೇಕು ಎನ್ನುತ್ತದೆ. ಚೀಟಿ ಎತ್ತಿ ಎನ್ನುವುದಿಲ್ಲ.

ಇನ್ನೊಬ್ಬರು:
ಹಾಗಾದರೆ ಆ ವಚನ ನಮಗಲ್ಲವೇ? ದೇವರ ವಾಗ್ದಾನಗಳೆಲ್ಲ ಕ್ರಿಸ್ತನಲ್ಲಿ ಹೌದಾಗಿವೆ ಎಂದು 2 ಕೊರಿಂಥ 1:20 ಹೇಳುತ್ತದಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ನಾನು ಇದನ್ನೇ ಹಿಡಿದು ಪ್ರಾರ್ಥಿಸಿದ್ದೆ.

ಚಿತ್ರದುರ್ಗದ ಶಿಕ್ಷಕ:
ಧಾರಾಳವಾಗಿ ಹಿಡಿಯಿರಿ ಸಹೋದರಿ. ತನ್ನ ಜನರನ್ನು ಕೈಬಿಡದ ದೇವರ ಸ್ವಭಾವ ಅಲ್ಲಿ ಕಾಣುತ್ತದೆ, ಅದು ನಮಗೂ ಸೇರಿದ್ದು. ಬ್ಯಾಂಕಿನ ಕಂತಿಗೆ ಮಾತ್ರ ಅದು ಜಾಮೀನಲ್ಲ. ಅಂಗಡಿಯವರೇ, ಕಳೆದ ದೀಪಾವಳಿಯ ವ್ಯಾಪಾರದ ಲೆಕ್ಕ ತೆಗೆದು ನೋಡಿ, ಗಿಟ್ಟುವಂತಿದ್ದರೆ ತೆರೆಯಿರಿ.