ಉತ್ತರ ಗೊತ್ತು, ಝಡ್ ಸಿಗ್ತಿಲ್ಲ

ಮೊನ್ನೆ ಭಾನುವಾರ ಮಂಜನ ಮನೇಲಿ ಸೇರಿದ್ವಿ, ಅವನ ಅಣ್ಣ ನ್ಯೂಜೆರ್ಸಿಯಿಂದ ಬರುವಾಗ ಹಳೇ ನಿಂಟೆಂಡೊ ಟಿವಿ ಗೇಮ್ ಮಷೀನು, ಅದರ ಜೊತೆ ಜೆಪರ್ಡಿ ಅನ್ನೋ ಅಮೆರಿಕದ ಟಿವಿ ಕ್ವಿಜ್ ಶೋದ ಗೇಮ್ ಕ್ಯಾಸೆಟ್ಟು, 110 ವೋಲ್ಟಿಗೆ ಅಂತ ಇಟ್ಟಿಗೆ ತೂಕದ ಕನ್ವರ್ಟರ್ ಬೇರೆ ಹೊತ್ಕೊಂಡು ಬಂದಿದ್ದ. ಮಂಜ ಕ್ಯಾಸೆಟ್ ತೆಗೆದು ಉಫ್ ಅಂತ ಊದಿದ. ಮೂವತ್ತು ವರ್ಷ ಆದ್ರೂ ಆ ಬುದ್ಧಿ ಹೋಗಿಲ್ಲ ನೋಡಿ.

"ಏನೋ ಇದು, ಗುಂಡು ಹೊಡಿಯೋದೆಲ್ಲಿ?" ಅಂದ ಗಿರಿ. ಅವನಿಗೆ ಟಿವಿ ಗೇಮ್ ಅಂದ್ರೆ ಕಾಂಟ್ರಾ, ಮಾರಿಯೋ, ಅಷ್ಟೇ.

"ಕ್ವಿಜ್ ಕಣೋ," ಅಂದ ಮಂಜ. "1988ರದ್ದು. ಮಾಡಿದ್ದು ಯಾರ್ ಗೊತ್ತಾ, ರೇರ್ ಅನ್ನೋ ಕಂಪನಿ! ಆಮೇಲೆ 1994ರಲ್ಲಿ ಡಾಂಕಿ ಕಾಂಗ್ ಕಂಟ್ರಿ ಗೇಮ್ ಮಾಡಿದ್ರಲ್ಲ, ಅದೇ ಇಂಗ್ಲೆಂಡಿನೋರು. ಗೇಮ್‌ಟೆಕ್ ಅನ್ನೋ ಕಂಪನಿ ಮಾರ್ತಿತ್ತು. ಮಕ್ಕಳಿಗೊಂದು, ಶೋದ 25ನೇ ವರ್ಷದ್ದೊಂದು, ಸೂಪರ್ ಅಂತ ಇನ್ನೊಂದು, ಇದೂ ಸೇರಿ ಒಂದೇ ಮಷೀನಿಗೆ ನಾಲ್ಕು ಜೆಪರ್ಡಿ."

"ಪ್ರಶ್ನೆ ಖಾಲಿಯಾದ್ರೆ ಹೊಸ ಕ್ಯಾಸೆಟ್ ತಗೋ ಅಂತ. ನಮ್ ಗೈಡ್ ಮಾರೋರು ಪ್ರತಿ ವರ್ಷ ಹೊಸ ರಟ್ಟು ಹಾಕ್ತಾರಲ್ಲ ಹಾಗೆ," ಅಂದೆ ನಾನು.

ಜೆಪರ್ಡಿ ಶೋ ಗೊತ್ತಿಲ್ಲದೋರಿಗೆ: ಅವರು ಉತ್ತರ ಹೇಳ್ತಾರೆ, ನೀವು ಪ್ರಶ್ನೆ ಹೇಳ್ಬೇಕು. ಗಿರಿ ತಕ್ಷಣ "ನಮ್ಮನೇಲಿ ದಿನಾ ಇದೇ, ಎಲ್ಲಿಗೆ ಹೋಗಿದ್ದೆ ಅಂದ್ರೆ ಯಾಕೆ ಕೇಳ್ತೀಯ ಅಂತೀನಿ" ಅಂದ.

ಆಟ ಶುರು. ಗಿರಿಗೆ ಉತ್ತರ ಅಮೆಜಾನ್ ಅಂತ ಗೊತ್ತಾಗಿ ಕುಣಿದಾಡ್ದ. ಆದ್ರೆ ಅಲ್ಲಿ ಕೀಬೋರ್ಡ್ ಎಲ್ಲಿಂದ ಬರ್ಬೇಕು, ಕೈಲಿರೋದು ಪ್ಲಸ್ ಆಕಾರದ ಗುಂಡಿ, ಅದನ್ನ ಒತ್ತಿ ಒತ್ತಿ ಪರದೆ ಮೇಲೆ ಒಂದೊಂದೇ ಅಕ್ಷರ ಆರಿಸ್ಬೇಕು, ಎ ಇಂದ ಎಂಗೆ ಹೋಗು, ವಾಪಸ್ ಎ, ಅಲ್ಲಿಂದ ಝಡ್ಡು, ಅಷ್ಟರಲ್ಲಿ ಟೈಮ್ ಮುಗೀತು. "ಗೊತ್ತಿತ್ತು ಕಣೋ!" ಅಂತ ಕಿರುಚ್ತಾನೆ, ಮಷೀನ್ ಕೇಳುತ್ತಾ?

ನನ್ನ ಕೇಳಿದ್ರೆ ಟಿವಿ ಶೋನಿಂದ ಮಾಡಿದ ಈ ಜಾತಿ ಆಟಗಳಲ್ಲಿ ಇಂಥ ಮಷೀನಿಗೆ ಸರಿಯಾಗಿ ಒಗ್ಗಿದ್ದು ವೀಲ್ ಆಫ್ ಫಾರ್ಚೂನ್ ಒಂದೇ. ಅದರಲ್ಲಿ ಮೊದಲಿಂದ್ಲೂ ಒಂದೊಂದೇ ಅಕ್ಷರ ಆರಿಸೋದೇ ಆಟ.

"ಇದಾದ್ಮೇಲೆ ಬಂದ ಸೂಪರ್ ನಿಂಟೆಂಡೊ ಮಷೀನಿನ ಫ್ಯಾಮಿಲಿ ಫ್ಯೂಡ್ ಕಥೆ ಕೇಳಿದೀಯಾ? ಅದೂ ಟಿವಿ ಶೋದ ಆಟಾನೇ." ಮಂಜ ಶುರು ಮಾಡ್ದ. "ಸ್ಪೆಲಿಂಗ್ ತಪ್ಪಿದ್ರೂ ಪಾಪ ಅಂತ ಬಿಟ್ಬಿಡುತ್ತೆ. ಉತ್ತರದ ಅಕ್ಷರಗಳು ಅದೇ ವರಸೇಲಿ ಇದ್ರೆ ಸಾಕು, ಮಧ್ಯೆ ಏನಿದ್ರೂ ಲೆಕ್ಕಕ್ಕಿಲ್ಲ. ಉತ್ತರ ಕ್ಯಾಟ್ (CAT) ಅಂತಿದ್ದು ನೀನು ಕೋಟ್ (COAT) ಅಂತ ಹೊಡೆದ್ರೂ ಸಿ, ಎ, ಟಿ ಮೂರೂ ಸಿಕ್ತಲ್ಲ, ಸರಿ ಉತ್ತರ! ಇದನ್ನೇ ಹಿಡ್ಕೊಂಡು ಬಾಯಿಗೆ ಬಂದಿದ್ದೆಲ್ಲ ತುಂಬಿಸಿ ಗೆಲ್ಲೋ ವಿಡಿಯೋನೂ ಇದೆ."

"ಲೋ, ನಾನು ಡಿಗ್ರಿ ಪಾಸಾಗಿದ್ದೇ ಹೀಗೆ," ಅಂದ ಗಿರಿ. "ಪುಟ ತುಂಬಿಸು, ಒಳಗೆಲ್ಲೋ ಉತ್ತರ ಇರುತ್ತೆ, ಹುಡುಕ್ಕೊಳ್ಳೋದು ಅವರ ಕರ್ಮ."

ಚಂದನದ ಥಟ್ ಅಂತ ಹೇಳಿ ಕಾರ್ಯಕ್ರಮಕ್ಕೂ ಇಂಥ ಕ್ಯಾಸೆಟ್ ಬಂದಿದ್ರೆ ಅಂತ ಮಾತು ಹೊರಟಿತು. ರಾಷ್ಟ್ರಕೂಟ ಅಂತ ಹೊಡೀಬೇಕು ಅಂದ್ಕೊಳ್ಳಿ. ರ ಹುಡುಕು, ದೀರ್ಘ ಕೊಡು, ಷ, ಅದಕ್ಕೆ ಟ ಒತ್ತು, ಅದರ ಕೆಳಗೆ ರ ಒತ್ತು... "ಹೆಸರು ಬದಲಾಯಿಸ್ಬೇಕಾಗುತ್ತೆ, ನಿಧಾನಕ್ಕೆ ಹೇಳಿ ಅಂತ," ಅಂದ ಮಂಜ.

ಅಷ್ಟೊತ್ತಿಗೆ ಮಂಜನ ಅಮ್ಮ ಕಾಫಿ ಹಿಡ್ಕೊಂಡು ಬಂದ್ರು. "ಗಿರಿ, ಸಕ್ಕರೆ ಹಾಕ್ಲೇನೋ?"

ಟಿವಿಯಿಂದ ಕಣ್ಣು ಕೀಳದೆ ಅಂದ, "ಒಂದ್ನಿಮಿಷ ಆಂಟಿ, ಇನ್ನೂ ಎಂ ಹತ್ರ ಇದೀನಿ."