ಮೂರು ಸಲ ತೆಗೆದರೂ ತುಕ್ಕು ಮತ್ತೆ ಬರ್ತಿದೆ – ಅಜ್ಜನ ಮಡಚು ಚಾಕು, ಸಹಾಯ ಬೇಕು

ಅಡಿಕೆತೋಟ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ರ ನಮ್ಮ ಮನೆ. ಅಟ್ಟ ಗುಡಿಸುವಾಗ ಅಜ್ಜನ ಎರಡು ಮಡಚು ಚಾಕು ಸಿಕ್ಕಿದವು. ಒಂದಕ್ಕೆ ಎಮ್ಮೆ ಕೊಂಬಿನ ಕರಿ ಹಿಡಿ. ಇನ್ನೊಂದರ ಅಲಗಿನ ಬುಡದಲ್ಲಿ "ಶೆಫೀಲ್ಡ್ ಇಂಗ್ಲೆಂಡ್" ಅನ್ನೋದಷ್ಟೇ ಓದಕ್ಕೆ ಬರುತ್ತೆ, ಕಂಪನಿ ಹೆಸರು ಸವೆದುಹೋಗಿದೆ. ಇದರ ಹಿಡಿ ಜೇನುತುಪ್ಪದ ಬಣ್ಣ, ಅಲ್ಲಲ್ಲಿ ಕಂದು ಮೋಡ ಕವಿದ ಹಾಗೆ. ಬೆಳಕಿಗೆ ಹಿಡಿದ್ರೆ ಒಳಗಿನ ಹಿತ್ತಾಳೆ ತಗಡು ಮಸುಕಾಗಿ ಕಾಣುತ್ತೆ. ಆಮೆಚಿಪ್ಪು ಅಂತ ಅಪ್ಪನ ವಾದ.

ಎರಡನ್ನೂ ಒಂದೇ ದಿನ ಹುಣಸೆಹುಳಿಯಲ್ಲಿ ನೆನೆಸಿ, ತೊಳೆದು, ಸೀಮೆಎಣ್ಣೆ ಹಾಕಿ ನಯವಾದ ಸ್ಟೀಲ್ ಉಣ್ಣೆಯಲ್ಲಿ ತಿಕ್ಕಿದೆ. ಕೊಂಬಿನದು ನನ್ನ ಜೇಬಲ್ಲೇ ಇರುತ್ತೆ, ಚೆನ್ನಾಗಿದೆ. ಜೇನು ಬಣ್ಣದ್ದನ್ನ ಬಟ್ಟೆ ಸುತ್ತಿ ಬಿಸ್ಕತ್ ಡಬ್ಬಿಯಲ್ಲಿ ಭದ್ರವಾಗಿಟ್ಟಿದ್ದೆ. ಮೂರೇ ವಾರಕ್ಕೆ ಕೆಂಪು ತುಕ್ಕು. ಮತ್ತೆ ತೆಗೆದೆ, ಮತ್ತೆ ಬಂತು. ಈಗ ಮೂರನೇ ಸಲ. ನಮ್ಮಲ್ಲಿ ಮಳೆ ಗೊತ್ತಲ್ಲ, ಚಪ್ಪಲಿಗೂ ಬೂಸ್ಟು ಬರುತ್ತೆ. ಅದೇ ಕಾರಣವಾ?

ಸಾಣೆಕಲ್ಲು:
ಮಳೆ ಅಲ್ಲ, ಹುಣಸೆಹಣ್ಣು. ಹುಳಿ ಕೀಲಿನೊಳಗೆ ಉಳಿದುಬಿಟ್ರೆ ಎಷ್ಟು ತೊಳೆದರೂ ಅಲ್ಲಿಂದ ತುಕ್ಕು ಹೊರಗೆ ಬರ್ತಾನೇ ಇರುತ್ತೆ. ಅಡುಗೆ ಸೋಡಾ ನೀರಲ್ಲಿ ಅರ್ಧ ಗಂಟೆ ಇಟ್ಟು, ಕೀಲನ್ನು ಹತ್ತಿಪ್ಪತ್ತು ಸಲ ತೆಗೆದು ಮುಚ್ಚಿ, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಬೇಡ, ಆಮೇಲೆ ಅಂಟಾಗುತ್ತೆ.

ಅಡಿಕೆತೋಟ:
ಸೋಡಾ ಎರಡನೇ ಸಲವೇ ಮಾಡಿದೀನಿ ಸಾರ್. ಒಂದು ವಿಚಿತ್ರ ಹೇಳ್ತೀನಿ. ತುಕ್ಕು ಕೀಲಿನ ಹತ್ರ ಅಷ್ಟಾಗಿ ಇಲ್ಲ. ಮುಚ್ಚಿದಾಗ ಹಿಡಿಯ ಒಳಗೆ ಹೋಗೋ ಭಾಗ ಪೂರ್ತಿ ಚುಕ್ಕೆ ಚುಕ್ಕೆ, ಹೊರಗೆ ಕಾಣೋ ಅಂಚು, ಅಲಗು ತೆಗೆಯಕ್ಕೆ ಉಗುರು ಸಿಕ್ಕಿಸೋ ಗೀರು ಇರೋ ಕಡೆ, ಶುಭ್ರವಾಗಿದೆ. ಹಿತ್ತಾಳೆ ತಗಡಿನ ಅಂಚಲ್ಲಿ ಹಸಿರು ಕಿಲುಬು. ಅದೇ ಡಬ್ಬಿಯಲ್ಲಿದ್ದ ಅಜ್ಜಿಯ ಕತ್ತರಿಗೂ ಈಗ ತುಕ್ಕು ಹಿಡಿದಿದೆ, ಅದನ್ನ ನಾನು ಮುಟ್ಟೇ ಇರಲಿಲ್ಲ. ಅಮ್ಮ ಡಬ್ಬಿ ಮುಚ್ಚಳ ತೆಗೆದು "ಇದರಲ್ಲಿ ದೇವರ ಸಾಮಾನು ಇಟ್ಟಿದ್ಯೇನೋ, ದೇವರಮನೆ ವಾಸನೆ ಬರ್ತಿದೆ" ಅಂದ್ಳು.

ಹಳೇತುಕ್ಕು:
ಮಾರಾಯ್ರೆ, ಅರ್ಧ ಉತ್ತರ ನಿಮ್ಮಮ್ಮನೇ ಕೊಟ್ಟಿದ್ದಾರೆ.

ಕೊಂಬಿನ ಚಾಕುವಿಗೂ ಅದೇ ಹುಣಸೆಹುಳಿ, ಅದೇ ಮಳೆ. ಅದು ಸರಿ ಇದೆ. ಏನೂ ಹಚ್ಚದ ಕತ್ತರಿ ಕೆಟ್ಟಿದೆ. ಅಂದ್ರೆ ಕಳ್ಳ ಡಬ್ಬಿಯೊಳಗೇ ಕೂತಿದ್ದಾನೆ.

ಹಿಡಿಯನ್ನ ಹೆಬ್ಬೆರಳಲ್ಲಿ ಬಿಸಿ ಹತ್ತೋ ತನಕ ತಿಕ್ಕಿ, ತಕ್ಷಣ ಮೂಸಿ ನೋಡಿ. ಕರ್ಪೂರದ ವಾಸನೆ ಬಂದ್ರೆ ಅದು ಆಮೆಚಿಪ್ಪಲ್ಲ, ಸೆಲ್ಯುಲಾಯ್ಡ್. ಅನುಮಾನ ಉಳಿದ್ರೆ ಕಾಣದ ಮೂಲೆಗೆ ಉಗುರುಬಣ್ಣ ಅಳಿಸಕ್ಕೆ ಬಳಸೋ ಅಸಿಟೋನ್ ಒಂದೇ ಹನಿ ಮುಟ್ಟಿಸಿ, ಸೆಲ್ಯುಲಾಯ್ಡ್ ಆದ್ರೆ ಅಂಟಂಟಾಗುತ್ತೆ. ಕಾಯಿಸಿದ ಸೂಜಿ ಚುಚ್ಚಿ ಪರೀಕ್ಷೆ ಮಾಡಿ ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ, ಈ ವಸ್ತು ಭಗ್ ಅಂತ ಹೊತ್ತಿಕೊಳ್ಳುತ್ತೆ.

ಇದು ನೈಟ್ರೋಸೆಲ್ಯುಲೋಸ್‌ಗೆ ಕರ್ಪೂರ ಬೆರೆಸಿ ಮಾಡ್ತಿದ್ದ ಪ್ಲಾಸ್ಟಿಕ್. ಅಮೆರಿಕದ ಸಂಶೋಧಕ ಹಯಾಟ್ ದಂತದ ಬಿಲಿಯರ್ಡ್ ಚೆಂಡಿಗೆ ಬದಲಿ ಹುಡುಕ್ತಾ 1870ರ ಸುಮಾರಿಗೆ ಇದನ್ನ ಮಾರುಕಟ್ಟೆಗೆ ತಂದ. ಆಮೆಚಿಪ್ಪು, ದಂತ, ಮುತ್ತಿನಚಿಪ್ಪು, ಏನು ಬೇಕಾದ್ರೂ ನಕಲು ಮಾಡಬಹುದಿತ್ತು, ಹಾಗಾಗಿ ಚಾಕು, ಬಾಚಣಿಗೆ, ಪೆನ್ನು ಎಲ್ಲಕ್ಕೂ ಬಂತು. 2014ರಲ್ಲಿ ನಿಯಮ ಬದಲಾಗೋ ತನಕ ಟೇಬಲ್ ಟೆನಿಸ್ ಚೆಂಡು ಕೂಡ ಇದೇ. ವಯಸ್ಸಾದಂತೆ ಇದು ಒಡೆದುಕೊಂಡು ನೈಟ್ರೋಜನ್ ಆಕ್ಸೈಡ್ ಅನಿಲ ಬಿಡುತ್ತೆ. ಅದಕ್ಕೆ ಗಾಳಿಯ ತೇವ ಸೇರಿದ್ರೆ ನೈಟ್ರಿಕ್ ಆಮ್ಲ. ಆ ಆಮ್ಲ ಅಲಗನ್ನೂ ತಿನ್ನುತ್ತೆ, ಹಿತ್ತಾಳೆಯನ್ನೂ ತಿನ್ನುತ್ತೆ, ಹಿಡಿಯನ್ನೇ ಇನ್ನಷ್ಟು ಬೇಗ ಕೆಡಿಸುತ್ತೆ. ನೀವು ಮುಚ್ಚಳ ಬಿಗಿದು "ಭದ್ರ" ಮಾಡಿದ್ದೇ ತಪ್ಪಾಯ್ತು, ಅನಿಲಕ್ಕೆ ಹೊರಗೆ ಹೋಗಕ್ಕೆ ದಾರಿ ಇರಲಿಲ್ಲ. ಮಳೆ ತಪ್ಪೇ ಇಲ್ಲ ಅನ್ನಲ್ಲ, ಆದ್ರೆ ಅದು ಬರೀ ಸಹಾಯಕ.

ಹಿಡಿಯಲ್ಲಿ ಸಣ್ಣ ಸಣ್ಣ ಬಿರುಕಿನ ಜಾಲ ಕಾಣ್ತಿದ್ದರೆ ಉಳಿಸೋ ಮಾತು ಬಿಡಿ, ತೆಗೆದು ಬೇರೆ ಹಾಕಿ. ಒಂದು ಫೋಟೋ ಹಾಕ್ತೀರಾ?

ಅಡಿಕೆತೋಟ:
ತಿಕ್ಕಿ ಮೂಸಿದೆ. ಮಂಗಳಾರತಿ! ಬಿರುಕೂ ಇದೆ, ಅದನ್ನ ನಾನು ಒಳಗಿನ ವಿನ್ಯಾಸ ಅಂದ್ಕೊಂಡಿದ್ದೆ. ಹೊಸ ಹಿಡಿ ಹಾಕೋದು ಹೇಗೆ? ಪೂರ್ತಿ ಬಿಚ್ಚಬೇಕಾ?

ಗಟ್ಟಿಮರ:
ಹಳೇ ಶೆಫೀಲ್ಡ್‌ಗೆ ಜಿಂಕೆ ಕೊಂಬೇ ಒಪ್ಪೋದು. ಅಲ್ಲಿ ಚಾಕು ಮಾಡೋರೂ ನಮ್ಮ ಕಡವೆ ಕೊಂಬನ್ನೇ ತರಿಸ್ತಿದ್ರು. ನಿಮ್ಮ ಕಡೆ ಕಾಡಲ್ಲಿ ಬಿದ್ದಿರುತ್ತಲ್ಲ, ಒಂದು ತುಂಡು ತನ್ನಿ.

ಹಳೇತುಕ್ಕು:
ಅವರು ತರಿಸ್ತಿದ್ದಿದ್ದು ನಿಜ. ನೀವು ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ. ತಾನಾಗಿ ಉದುರಿದ ಕೊಂಬಾದರೂ ಮನೆಯಲ್ಲಿಟ್ಟುಕೊಳ್ಳೋ ಹಾಗಿಲ್ಲ. ಬಡಗಿ ಹತ್ರ ಹಳೇ ಬೀಟೆ ಬಾಗಿಲಿನ ಚೂರು ಕೇಳಿ, ಇಲ್ಲಾಂದ್ರೆ ಹುಣಸೆ ಮರದ ಕರಿ ತಿರುಳು. ತೆಂಗಿನ ಚಿಪ್ಪು ಚೆಂದವೇ, ಆದ್ರೆ ಚಪ್ಪಟೆ ತುಂಡು ಸಿಗೋದು ಕಷ್ಟ.

ಪೂರ್ತಿ ಬಿಚ್ಚಬೇಡಿ. ಅಲಗು ಅಲ್ಲಾಡ್ತಿಲ್ಲ ಅಂದ್ರೆ ಕೀಲಿನ ಪಿನ್ ಕಡೆ ತಿರುಗಿಯೂ ನೋಡಬೇಡಿ. ಹೊಸಬರು ಚಾಕು ಹಾಳು ಮಾಡೋದು ಅಲ್ಲೇ. ಹಿಡಿಯ ಎರಡು ಪಟ್ಟಿಗಳು ಹಿತ್ತಾಳೆ ತಗಡಿಗೆ ಸಣ್ಣ ಪಿನ್ನಿನಲ್ಲಿ ಕೂತಿರುತ್ತವೆ. ತೆಳು ಉಳಿ ತೂರಿಸಿ ನಿಧಾನಕ್ಕೆ ಎಬ್ಬಿಸಿ, ಕೆಟ್ಟ ಸೆಲ್ಯುಲಾಯ್ಡ್ ಚಕ್ಕೆ ಚಕ್ಕೆಯಾಗಿ ಬರುತ್ತೆ. ಗ್ರೈಂಡರ್ ತೋರಿಸಬೇಡಿ, ಕಿಡಿ ಬಿದ್ರೆ ಕಷ್ಟ. ಉಳಿದ ಪಿನ್ ತುದಿಗಳನ್ನ ಅರದಲ್ಲಿ ಸಮ ಮಾಡಿ. ನಡುವಿನ ಪಿನ್ ಮಾತ್ರ ಬೇರೆ, ಅದು ಹಿಡಿಯ ಬೆನ್ನಲ್ಲಿರೋ ಸ್ಪ್ರಿಂಗ್ ತೂರಿಕೊಂಡು ಆಚೆ ಬದಿಗೂ ಹೋಗುತ್ತೆ. ಅದನ್ನ ಹೊರಗೆ ಬಡಿದು, ಅದೇ ದಪ್ಪದ ಹಿತ್ತಾಳೆ ಕಡ್ಡಿ ಸ್ವಲ್ಪ ಉದ್ದ ಬಿಟ್ಟು ಹಾಕಿ. ಮರದ ಪಟ್ಟಿಯನ್ನ ನಿಧಾನಕ್ಕೆ ಗಟ್ಟಿಯಾಗೋ ಅರಾಲ್ಡೈಟ್‌ನಲ್ಲಿ ಕೂರಿಸಿ, ಒಂದು ದಿನ ಬಿಗಿದಿಟ್ಟು, ಆಮೇಲೆ ಕಡ್ಡಿಯ ಎರಡೂ ತುದಿಗೆ ಗುಂಡು ಸುತ್ತಿಗೆಯಲ್ಲಿ ತಟ್ಟಿ ತಲೆ ಮಾಡಿ. ತಟ್ಟಬೇಕು, ಹೊಡೆಯಬಾರದು. ಬೀಟೆ ಸೀಳಿದ್ರೆ ಮೊದಲಿಂದ.

ಅಲಗಿನ ಕಪ್ಪು ಛಾಯೆ ಹಾಗೇ ಇರಲಿ, ಕೆಂಪು ಹೋದ್ರೆ ಸಾಕು. ಹೊಳಪಿಗೆ ಅಂತ ಯಂತ್ರದಲ್ಲಿ ಬಫ್ ಹೊಡೆಸಿದ್ರೆ ಉಳಿದಿರೋ ಆ ಎರಡು ಪದವೂ ಹೋಗುತ್ತೆ.

ಅಡಿಕೆತೋಟ:
ಎರಡು ವಾರ ಆಯ್ತು. ಅತ್ತೆ ಮನೆಯ ಹಳೇ ಕಿಟಕಿ ದಾರಂದದ ಬೀಟೆ ಸಿಕ್ತು. ನೋಡಕ್ಕೆ ಏನೋ ಚೆನ್ನಾಗಿದೆ, ಆದ್ರೆ ಅಲಗು ಅರ್ಧ ತೆಗೆಯೋ ತನಕ ಸಲೀಸು, ಆಮೇಲೆ ಸಿಕ್ಕಿಕೊಳ್ಳುತ್ತೆ. ಮೊದಲಿನ "ಟಕ್" ಇಲ್ಲ. ಪಿನ್ ಜಾಸ್ತಿ ತಟ್ಟಿಬಿಟ್ನಾ?

ಹಳೇತುಕ್ಕು:
ಪಿನ್ ಬಿಗಿಯಾಗಿದ್ರೆ ಮೊದಲಿಂದ ಕೊನೆ ತನಕ ಬಿಗಿ ಇರುತ್ತೆ. ಒಂದೇ ಜಾಗದಲ್ಲಿ ಸಿಕ್ಕಿಕೊಳ್ತಿದೆ ಅಂದ್ರೆ ಒಳಗೆ ಏನೋ ಕೂತಿದೆ. ಹಳೇ ಪಿನ್ನಿನ ತೂತುಗಳನ್ನ ಒಳಬದಿಯಿಂದ ಮುಚ್ಚಿದ್ರಾ?

ಅಡಿಕೆತೋಟ:
ಇಲ್ಲ… ಅರದಲ್ಲಿ ಸಮ ಮಾಡುವಾಗ ಎರಡು ಪಿನ್ ಒಳಗೇ ಉದುರಿ ತೂತು ಉಳಿದಿತ್ತು.

ಹಳೇತುಕ್ಕು:
ಅಲ್ಲಿಂದ ಅಂಟು ಒಳಗೆ ಇಳಿದು ಗುಬುಟು ಕಟ್ಟಿದೆ. ಮುಂಚೆ ಹೇಳದೇ ಇದ್ದದ್ದು ನನ್ನ ತಪ್ಪು. ಒಳಬದಿಗೆ ಸೆಲ್ಲೋಟೇಪ್ ಅಂಟಿಸಬೇಕಿತ್ತು. ಅಲಗು ತೆಗೆದ ಸ್ಥಿತಿಯಲ್ಲಿ, ಸೀಳಿನ ಒಳಕ್ಕೆ ಮಾತ್ರ ಬಿಸಿಗಾಳಿ ಹೋಗೋ ಹಾಗೆ ಹೇರ್ ಡ್ರೈಯರ್ ಹಿಡಿಯಿರಿ. ಗುಬುಟು ಸ್ವಲ್ಪ ಮೆತ್ತಗಾದಾಗ ಬಿದಿರು ಕಡ್ಡಿಯನ್ನ ಉಳಿಯ ಹಾಗೆ ಚೂಪು ಮಾಡಿ ಕೆರೆಯಿರಿ. ಐದಾರು ಸಲ ಬೇಕಾಗಬಹುದು. ಪಟ್ಟಿಯೇ ಬಿಸಿಯಾದ್ರೆ ನಿಲ್ಲಿಸಿ, ಅದರ ಅಂಟೂ ಬಿಟ್ಟೀತು.

ಅಡಿಕೆತೋಟ:
ಬಂತು! ಹೆಸರುಬೇಳೆಯಷ್ಟು ದಪ್ಪದ ಅಂಟಿನ ಉಂಡೆ. ಈಗ ಟಕ್ ಅನ್ನುತ್ತೆ, ಅಪ್ಪ ಹತ್ತು ಸಲ ತೆಗೆದು ಮುಚ್ಚಿ ನೋಡಿದ್ರು. ಮಳೆ ಇನ್ನೂ ನಿಂತಿಲ್ಲ, ಅಲಗಿನ ಮೇಲೆ ಒಂದು ಚುಕ್ಕೆಯೂ ಇಲ್ಲ. ಕೊನೇ ಪ್ರಶ್ನೆ: ಹಳೇ ಹಿಡಿಯ ಚೂರುಗಳನ್ನ ನೆನಪಿಗೆ ಅಂತ ಅದೇ ಬಿಸ್ಕತ್ ಡಬ್ಬಿಯಲ್ಲಿ ಇಟ್ಟಿದೀನಿ. ಪರವಾಗಿಲ್ವಾ?

ಹಳೇತುಕ್ಕು:
ಕತ್ತರಿ ತೆಗೆದ್ರಾ ಮೊದಲು? ಚೂರುಗಳು ಕಾಗದದ ಲಕೋಟೆಯಲ್ಲಿ, ಗಾಳಿಯಾಡೋ ತಂಪು ಜಾಗದಲ್ಲಿ, ಕಬ್ಬಿಣದ ಸಾಮಾನಿನಿಂದಲೂ ಒಲೆಯಿಂದಲೂ ದೂರ ಇರಲಿ. ದೇವರಮನೆಯಲ್ಲಂತೂ ಬೇಡ, ದೀಪ ಇರುತ್ತೆ.